ಎಡಿನ್‌ಬರೋ ಕೋಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬರುವ ನಮ್ಮವರು ಮೊದಲು ನೋಡಬೇಕು ಅನ್ನುವುದೇ ಬಂಡೆ ಮೇಲಿನ ಕೋಟೆ. ಊರಿಗೆ ವಾಪಸ್ ಹೋದ ಮೇಲೂ ಫೋನ್ ಮಾಡಿ, ಪತ್ರ ಬರೆದು ಅದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅಂಥ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಮೊದಲ ಸಲ ನೋಡುವವರ ಪ್ರಶ್ನೆಗಳು ಮೇಲಿವೆ, ಒಮ್ಮೆ ನೋಡಿ ಬಂದು ಇನ್ನೂ ತಿಳಿಯಬೇಕು ಅನ್ನುವವರದ್ದು ಕೆಳಗಿವೆ.

## ಮೊದಲ ಸಲ ನೋಡುವವರಿಗೆ

ಊರ ಮಧ್ಯದಲ್ಲೇ ಅಷ್ಟು ದೊಡ್ಡ ಬಂಡೆ ಹೇಗೆ ಬಂತು?

ಅದು ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಕಲ್ಲು. ಸುಮಾರು 35 ಕೋಟಿ ವರ್ಷ ಹಳೆಯದು. ಆಮೇಲೆ ಹಿಮಯುಗದಲ್ಲಿ ದೊಡ್ಡ ಹಿಮರಾಶಿ ಪಶ್ಚಿಮದಿಂದ ಪೂರ್ವಕ್ಕೆ ಸರಿದು ಹೋಯಿತು. ಸುತ್ತಲಿನ ಮೆತ್ತನೆ ಕಲ್ಲನ್ನೆಲ್ಲ ಅದು ಕೆರೆದು ಹಾಕಿತು. ಈ ಗಟ್ಟಿ ಬಂಡೆ ಮಾತ್ರ ಜಗ್ಗಲಿಲ್ಲ. ಅದರ ಮರೆಯಲ್ಲಿ ಪೂರ್ವಕ್ಕಿದ್ದ ನೆಲವೂ ಉಳಿದುಕೊಂಡು ಉದ್ದನೆಯ ಇಳಿಜಾರಾಯಿತು. ಇವತ್ತು ಜನ ಓಡಾಡುವ ರಾಯಲ್ ಮೈಲ್ ರಸ್ತೆ ಇರುವುದು ಆ ಇಳಿಜಾರಿನ ಬೆನ್ನ ಮೇಲೆ.

ಬಂಡೆಯ ತುದಿ ಸಮುದ್ರಮಟ್ಟದಿಂದ ಸುಮಾರು 130 ಮೀಟರ್ ಎತ್ತರದಲ್ಲಿದೆ. ಉತ್ತರ, ದಕ್ಷಿಣ, ಪಶ್ಚಿಮ ಮೂರೂ ಕಡೆ ಕಡಿದಾದ ಪ್ರಪಾತ. ಸಲೀಸಾಗಿ ಮೇಲೆ ಹೋಗಲು ಇರುವುದು ಪೂರ್ವದ ಒಂದೇ ದಾರಿ. ಈ ಕೋಟೆಯ ಯುದ್ಧದ ಕಥೆಗಳಲ್ಲಿ ಮುಕ್ಕಾಲು ಪಾಲು ಈ ಒಂದು ಸಂಗತಿಯಿಂದಲೇ ಹುಟ್ಟಿವೆ.

ಕೋಟೆ ಎಷ್ಟು ವರ್ಷ ಹಳೇದು? ಕಟ್ಟಿಸಿದ ರಾಜ ಯಾರು?

ಒಬ್ಬ ರಾಜನ ಹೆಸರು ಹೇಳಲು ಬರುವುದಿಲ್ಲ. ಬಂಡೆಯ ಮೇಲೆ ಕಂಚಿನ ಯುಗದ ಕೊನೆಯಲ್ಲೇ, ಅಂದರೆ ಸುಮಾರು 2,900 ವರ್ಷಗಳ ಹಿಂದೆಯೇ ಜನ ವಾಸವಿದ್ದ ಗುರುತುಗಳು ಅಗೆತದಲ್ಲಿ ಸಿಕ್ಕಿವೆ. ರಾಜಮನೆತನದ ಕೋಟೆಯಾಗಿ ಇದರ ಹೆಸರು ಖಚಿತವಾಗಿ ಕೇಳಿಬರುವುದು 11ನೇ ಶತಮಾನದ ಕೊನೆಗೆ. 1093ರಲ್ಲಿ ರಾಣಿ ಮಾರ್ಗರೆಟ್ ಇಲ್ಲೇ ತೀರಿಕೊಂಡಳು. ಅವಳ ಮಗ ಒಂದನೇ ಡೇವಿಡ್ 1130ರ ಸುಮಾರಿಗೆ ತಾಯಿಯ ನೆನಪಿಗೆ ಕಟ್ಟಿಸಿದ ಪುಟ್ಟ ಚಾಪೆಲ್ (ಪ್ರಾರ್ಥನಾ ಮಂದಿರ) ಇಡೀ ಎಡಿನ್‌ಬರೋದಲ್ಲಿ ಉಳಿದಿರುವ ಅತ್ಯಂತ ಹಳೆಯ ಕಟ್ಟಡ.

ಅದರಿಂದಾಚೆಗೆ ಪ್ರತಿ ಕಾಲದವರೂ ಒಡೆದಿದ್ದಾರೆ, ಕಟ್ಟಿದ್ದಾರೆ. ಹಾಗಾಗಿ "ಮಧ್ಯಯುಗದ ಕೋಟೆ" ಅಂತ ಒಳಗೆ ಹೋದವರಿಗೆ 16ನೇ ಶತಮಾನದ ಫಿರಂಗಿ ಕಟ್ಟೆ, 18ನೇ ಶತಮಾನದ ಬ್ಯಾರಕ್, 19ನೇ ಶತಮಾನದ ಹೆಬ್ಬಾಗಿಲು ಎಲ್ಲ ಒಟ್ಟಿಗೇ ಸಿಗುತ್ತವೆ.

ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ? ಎಷ್ಟು ಹೊತ್ತು ಬೇಕು?

ಕರೆದುಕೊಂಡು ಹೋಗಬಹುದು, ಆದರೆ ದಾರಿ ಏರು. ನೆಲಕ್ಕೆಲ್ಲ ಉರುಟು ಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ. ನಡೆಯಲು ಕಷ್ಟ ಇರುವವರನ್ನು ಮೇಲಕ್ಕೆ ಬಿಡಲು ಕೋಟೆಯವರದ್ದೇ ಗಾಡಿ ಇದೆ. ಬಾಗಿಲಲ್ಲಿರುವ ಸಿಬ್ಬಂದಿಯನ್ನು ಸಂಕೋಚವಿಲ್ಲದೆ ಕೇಳಿ. ಜುಲೈ ತಿಂಗಳಾದರೂ ಗಾಳಿ ತಡೆಯುವ ಜಾಕೆಟ್ ಇರಲಿ. ಆ ಬಂಡೆಯ ಮೇಲೆ ಗಾಳಿ ಹೊಡೆಯುವ ರೀತಿಯೇ ಬೇರೆ.

ಟಿಕೆಟ್‌ಗೆ ಸಮಯ ಗೊತ್ತು ಮಾಡಿರುತ್ತಾರೆ, ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳುವುದು ಒಳ್ಳೆಯದು. ಬೇಸಿಗೆಯಲ್ಲಿ ಆ ದಿನದ ಟಿಕೆಟ್ ಖಾಲಿಯಾಗಿಬಿಡುತ್ತದೆ. ಡಿಸೆಂಬರ್ 25 ಮತ್ತು 26ರಂದು ರಜೆ. ಕಡಿಮೆ ಅಂದರೂ ಮೂರು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಮೊದಲು ಕಿರೀಟದ ಕೋಣೆಗೆ ಹೋಗಿ. ಅಲ್ಲಿ ಸಾಲು ಬೇಗ ಬೆಳೆಯುತ್ತದೆ.

ಮಧ್ಯಾಹ್ನ ಒಂದು ಗಂಟೆಗೆ ಫಿರಂಗಿ ಹಾರಿಸ್ತಾರಂತೆ, ಯಾಕೆ?

ಹಡಗುಗಳಿಗೆ ಸಮಯ ತಿಳಿಸಲು ಶುರುವಾದದ್ದು. ಸಮುದ್ರದಲ್ಲಿ ತಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕಲು ನಾವಿಕರಿಗೆ ಗಡಿಯಾರ ಸರಿಯಾಗಿರಬೇಕಿತ್ತು. ಮೊದಲು ಇದಕ್ಕೆ ಕಾಲ್ಟನ್ ಹಿಲ್ ಮೇಲಿನ ನೆಲ್ಸನ್ ಸ್ಮಾರಕದಲ್ಲಿ ಒಂದು ದೊಡ್ಡ ಚೆಂಡನ್ನು ಕಂಬದಿಂದ ಇಳಿಸುತ್ತಿದ್ದರು. ಮಂಜು ಕವಿದ ದಿನ ಅದು ಕಾಣುತ್ತಿರಲಿಲ್ಲ. ಅದಕ್ಕೇ 1861ರಲ್ಲಿ ಗುಂಡಿನ ಸದ್ದು ಸೇರಿಸಿದರು. ಸದ್ದು ಲೀತ್ ಬಂದರು ಮುಟ್ಟಲು ಸುಮಾರು ಹತ್ತು ಸೆಕೆಂಡು ಬೇಕು. ಯಾವ ಜಾಗದಲ್ಲಿರುವವರು ಎಷ್ಟು ಸೆಕೆಂಡು ಕಳೆಯಬೇಕು ಅಂತ ತೋರಿಸುವ ನಕ್ಷೆಯನ್ನೂ ಆಗ ಅಚ್ಚು ಹಾಕಿದ್ದರು.

ಈಗ ಯಾವ ಹಡಗಿಗೂ ಅದು ಬೇಕಿಲ್ಲ. ಆದರೂ ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ಬಿಟ್ಟು ಉಳಿದ ದಿನ ತಪ್ಪದೆ ಹಾರಿಸುತ್ತಾರೆ. ಮಕ್ಕಳಿದ್ದರೆ ಮೊದಲೇ ಹೇಳಿಡಿ. ಕೆಳಗಿನ ಪ್ರಿನ್ಸಸ್ ಸ್ಟ್ರೀಟ್‌ನಲ್ಲಿ ನಡೆಯುವ ಹೊಸಬರು ಬೆಚ್ಚಿಬೀಳುತ್ತಾರೆ, ಊರವರು ಸುಮ್ನೆ ಕೈಗಡಿಯಾರ ನೋಡಿಕೊಳ್ಳುತ್ತಾರೆ.

ದೆವ್ವ ಇದೆ ಅಂತಾರಲ್ಲ?

ಗೈಡ್‌ಗಳು ಹೇಳುವ ಕಥೆ ಬೇಕಾದಷ್ಟಿವೆ. ನನಗೆ ಅವುಗಳಿಗಿಂತ ಹೊರಗಿನ ಬಯಲಿನ ಗೋಡೆಗೆ ಕೂರಿಸಿರುವ ಒಂದು ಸಣ್ಣ ಕಾರಂಜಿ ಹೆಚ್ಚು ಮುಖ್ಯ. ಮಾಟ ಮಾಡಿದರು ಅನ್ನುವ ಆರೋಪ ಹೊರಿಸಿ ಈ ಕೋಟೆ ದಿಬ್ಬದ ಮೇಲೆ ಎಷ್ಟೋ ಜನರನ್ನು ಕೊಂದು ಸುಟ್ಟರು. ಅವರಲ್ಲಿ ಹೆಂಗಸರೇ ಜಾಸ್ತಿ. ಅವರ ನೆನಪಿಗೆ 1894ರಲ್ಲಿ ಇಟ್ಟದ್ದು ಅದು. ಜನ ಅದನ್ನು ಗಮನಿಸದೆ ಟಿಕೆಟ್ ಸಾಲಿಗೆ ಓಡುತ್ತಾರೆ. ದಯವಿಟ್ಟು ಒಂದು ನಿಮಿಷ ನಿಂತು ನೋಡಿ.

## ಯುದ್ಧ, ಮುತ್ತಿಗೆ, ರಾಜರು

ಇಷ್ಟು ಕಡಿದಾದ ಕೋಟೆನ ಯಾರಾದ್ರೂ ಗೆದ್ದಿದ್ದಾರಾ?

ತುಂಬಾ ಸಲ. 2014ರಲ್ಲಿ ಬಂದ ಒಂದು ಸಂಶೋಧನೆ 26 ಮುತ್ತಿಗೆಗಳನ್ನು ಲೆಕ್ಕ ಹಾಕಿದೆ. ಬ್ರಿಟನ್ನಿನಲ್ಲೇ ಇಷ್ಟು ಸಲ ಮುತ್ತಿಗೆಗೆ ಸಿಕ್ಕಿದ ಜಾಗ ಇನ್ನೊಂದಿಲ್ಲ ಅನ್ನುತ್ತಾರೆ.

1296ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಮೂರೇ ದಿನ ಕಲ್ಲು ಎಸೆಯುವ ಯಂತ್ರಗಳಿಂದ ಹೊಡೆದು ಕೋಟೆ ಹಿಡಿದ. ಸ್ಕಾಟರು ಅದನ್ನು ವಾಪಸ್ ಪಡೆದ ರೀತಿ ಇನ್ನೂ ಸ್ವಾರಸ್ಯ. 1314ರ ಮಾರ್ಚ್ 14ರ ರಾತ್ರಿ ಥಾಮಸ್ ರ‍್ಯಾಂಡಾಲ್ಫ್ 30 ಜನರನ್ನು ಕಟ್ಟಿಕೊಂಡು ಉತ್ತರದ ಪ್ರಪಾತ ಹತ್ತಿದ. ದಾರಿ ತೋರಿಸಿದವನು ವಿಲಿಯಂ ಫ್ರಾನ್ಸಿಸ್. ಇವನು ಹಿಂದೆ ಕೋಟೆಯಲ್ಲಿ ಇದ್ದವನು. ಊರಲ್ಲಿದ್ದ ಹುಡುಗಿಯನ್ನು ನೋಡಲು ರಾತ್ರಿ ಹೊತ್ತು ಕಳ್ಳದಾರಿಯಲ್ಲಿ ಇಳಿದು ಹತ್ತಿ ಅಭ್ಯಾಸವಾಗಿತ್ತು. ಕೋಟೆ ಕೈಗೆ ಬಂದ ಮೇಲೆ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್ ಅದನ್ನು ಇಟ್ಟುಕೊಳ್ಳಲಿಲ್ಲ, ಕೆಡವಿಸಿದ. ಇಂಗ್ಲಿಷರು ಮತ್ತೆ ಬಂದರೆ ಅವರಿಗೆ ನೆಲೆ ಸಿಗಬಾರದು ಅನ್ನುವುದು ಅವನ ಲೆಕ್ಕ. ಮಾರ್ಗರೆಟ್ ಚಾಪೆಲ್ ಮಾತ್ರ ಉಳಿಯಿತು.

ಇಂಗ್ಲಿಷರು ಮತ್ತೆ ಬಂದರು, ಮತ್ತೆ ಕಟ್ಟಿದರು. 1341ರಲ್ಲಿ ವಿಲಿಯಂ ಡಗ್ಲಸ್‌ನ ಜನ ವ್ಯಾಪಾರಿಗಳ ವೇಷದಲ್ಲಿ ಸರಕು ಹೊತ್ತು ಬಂದರು. ಬಾಗಿಲಲ್ಲೇ ಮೂಟೆಗಳನ್ನು ಕೆಡವಿ ಕದ ಮುಚ್ಚದ ಹಾಗೆ ಮಾಡಿ ನುಗ್ಗಿದರು. ಕೊನೆಯ ಪ್ರಯತ್ನ 1745ರದ್ದು. ಬ್ರಿಟನ್ನಿನ ಸಿಂಹಾಸನಕ್ಕಾಗಿ ದಂಗೆ ಎದ್ದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಊರನ್ನು ಹಿಡಿದ, ಕೋಟೆ ಅವನಿಗೆ ದಕ್ಕಲಿಲ್ಲ.

ಬಂಡೆ ಮೇಲೆ ನೀರಿಗೆ ಏನು ಮಾಡ್ತಿದ್ರು?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಖುಷಿ. ಕೋಟೆಯ ನಿಜವಾದ ದೌರ್ಬಲ್ಯ ಅದೇ. ಬಂಡೆ ಎಷ್ಟು ಗಟ್ಟಿಯೋ ಅಷ್ಟೇ ಒಣ. ಮೇಲಿನ ಅಂಗಳದಲ್ಲಿ ಫೋರ್ ವೆಲ್ ಅನ್ನುವ ಆಳದ ಬಾವಿ ಇದೆ. ಬರಗಾಲದಲ್ಲಿ, ಮುತ್ತಿಗೆಯ ದಿನಗಳಲ್ಲಿ ಅದರ ನೀರು ಸಾಲುತ್ತಿರಲಿಲ್ಲ.

1571ರಿಂದ 1573ರ ತನಕ ನಡೆದ ದೊಡ್ಡ ಮುತ್ತಿಗೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಗದ್ದುಗೆ ಬಿಟ್ಟು ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ರಾಣಿ ಮೇರಿಯ ಪರವಾಗಿ ಸರ್ ವಿಲಿಯಂ ಕರ್ಕಾಲ್ಡಿ ಕೋಟೆ ಹಿಡಿದು ಕೂತಿದ್ದ. ಸ್ಕಾಟ್ಲೆಂಡಿನ ಸರ್ಕಾರಕ್ಕೆ ಬಗ್ಗಲಿಲ್ಲ. ಕೊನೆಗೆ ಇಂಗ್ಲೆಂಡಿನಿಂದ ದೊಡ್ಡ ಫಿರಂಗಿಗಳು ಬಂದವು. 1573ರ ಮೇ ತಿಂಗಳಲ್ಲಿ ಹಗಲೂ ರಾತ್ರಿ ಗುಂಡು ಬಿದ್ದವು. 30 ಮೀಟರ್ ಎತ್ತರದ ಡೇವಿಡ್ ಗೋಪುರ ಕುಸಿಯಿತು. ಅದರ ಕಲ್ಲುಮಣ್ಣು ಬಾವಿಯನ್ನು ಮುಚ್ಚಿಹಾಕಿತು. ಎರಡು ವರ್ಷ ಹಸಿವು, ಗುಂಡು ಎಲ್ಲ ತಡೆದವರು ಬಾಯಾರಿಕೆ ತಡೆಯಲಿಲ್ಲ. ಸೈನಿಕರೇ ತಿರುಗಿಬಿದ್ದು ಶರಣಾಗುವಂತೆ ಮಾಡಿದರು. ಕರ್ಕಾಲ್ಡಿಯನ್ನು ಅದೇ ವರ್ಷ ಗಲ್ಲಿಗೆ ಹಾಕಿದರು.

ಬಿದ್ದ ಗೋಪುರದ ಸುತ್ತ ಮುಂದೆ ಕಟ್ಟಿದ್ದೇ ಈಗ ಎದುರಿಗೆ ದುಂಡಗೆ ಕಾಣುವ ಹಾಫ್ ಮೂನ್ ಫಿರಂಗಿ ಕಟ್ಟೆ. ಒಳಗೆ ಗೋಪುರದ ಬುಡ ಹಾಗೇ ಹೂತುಹೋಗಿತ್ತು. 1912ರಲ್ಲಿ ಅದು ಮತ್ತೆ ಪತ್ತೆಯಾಯಿತು.

ಊಟಕ್ಕೆ ಕರೆದು ಹುಡುಗರನ್ನ ಕೊಂದ್ರು ಅನ್ನೋದು ನಿಜಾನಾ?

ಕೊಂದದ್ದು ನಿಜ. 1440ರ ನವೆಂಬರಿನಲ್ಲಿ ಡಗ್ಲಸ್ ಮನೆತನದ ಯುವ ಯಜಮಾನ ವಿಲಿಯಂ ಮತ್ತು ಅವನ ತಮ್ಮ ಡೇವಿಡ್‌ನನ್ನು ರಾಜನ ಜತೆ ಊಟಕ್ಕೆ ಕರೆದರು. ವಿಲಿಯಂಗೆ ಇನ್ನೂ ಹದಿನಾರರ ಆಸುಪಾಸು. ರಾಜ ಎರಡನೇ ಜೇಮ್ಸ್‌ಗೆ ಹತ್ತು ವರ್ಷ. ಅಧಿಕಾರ ಇದ್ದದ್ದು ದೊಡ್ಡವರ ಕೈಯಲ್ಲಿ, ಅವರಿಗೆ ಡಗ್ಲಸ್ ಮನೆತನ ಬಲಿಯುವುದು ಬೇಕಿರಲಿಲ್ಲ. ಊಟದ ನಡುವೆ ಕರಿ ಗೂಳಿಯ ತಲೆಯನ್ನು ಮೇಜಿನ ಮೇಲೆ ತಂದಿಟ್ಟರು ಅನ್ನುವುದು ಮುಂದಿನವರು ಸೇರಿಸಿದ ಮಾತಿರಬಹುದು. ಸುಳ್ಳು ವಿಚಾರಣೆ ಮಾಡಿ ಅಣ್ಣ ತಮ್ಮಂದಿರ ತಲೆ ಕಡಿದದ್ದರಲ್ಲಿ ಅನುಮಾನವಿಲ್ಲ.

ಆ ದೊಡ್ಡ ಕಬ್ಬಿಣದ ಫಿರಂಗಿ ನಿಜವಾಗ್ಲೂ ಹಾರುತ್ತಿತ್ತಾ?

ಹಾರುತ್ತಿತ್ತು. ಅದರ ಹೆಸರು ಮಾನ್ಸ್ ಮೆಗ್. ಈಗಿನ ಬೆಲ್ಜಿಯಂನಲ್ಲಿರುವ ಮಾನ್ಸ್ ಊರಲ್ಲಿ 1449ರಲ್ಲಿ ಮಾಡಿದ್ದು. 1457ರಲ್ಲಿ ಎರಡನೇ ಜೇಮ್ಸ್‌ಗೆ ಉಡುಗೊರೆಯಾಗಿ ಬಂತು. ತೂಕ ಆರು ಟನ್. ಸುಮಾರು 150 ಕೆ.ಜಿ. ತೂಗುವ ಕಲ್ಲಿನ ಗುಂಡನ್ನು ಎರಡು ಮೈಲಿ ದೂರ ಎಸೆಯುತ್ತಿತ್ತು. ಆದರೆ ಎಳೆದುಕೊಂಡು ಹೋಗಲು ತುಂಬಾ ಜನ ಬೇಕು, ದಿನಕ್ಕೆ ಮೂರು ಮೈಲಿ ಸಾಗಿದರೆ ಹೆಚ್ಚು. ಹಾಗಾಗಿ ಯುದ್ಧದ ಕೆಲಸ ಬೇಗ ಮುಗಿದು ಸಂಭ್ರಮಕ್ಕೆ ಹಾರಿಸುವ ಫಿರಂಗಿಯಾಯಿತು. 1558ರಲ್ಲಿ ರಾಣಿ ಮೇರಿಯ ಮದುವೆಗೆ ಹಾರಿಸಿದರು. 1681ರಲ್ಲಿ ಒಂದು ಹುಟ್ಟುಹಬ್ಬಕ್ಕೆ ಹಾರಿಸುವಾಗ ನಳಿಗೆಯೇ ಸೀಳಿತು.

ಹತ್ತಿರ ಹೋಗಿ ಆ ಸೀಳನ್ನು ನೋಡಿ. ನಳಿಗೆಯನ್ನು ಎರಕ ಹೊಯ್ದಿಲ್ಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ, ಮೇಲೆ ಬಿಸಿ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿದ್ದಾರೆ. ಬಳೆ ತಣ್ಣಗಾದಾಗ ಬಿಗಿಯುತ್ತದೆ. ಬಳೆಗಳು ಕಿತ್ತುಹೋದ ಕಡೆ ಒಳಗಿನ ಪಟ್ಟಿಗಳು ಕಣ್ಣಿಗೆ ಕಾಣುತ್ತವೆ. 15ನೇ ಶತಮಾನದ ಕಮ್ಮಾರಿಕೆ ಹೇಗಿತ್ತು ಅಂತ ಯಾವ ಫಲಕವೂ ಇಷ್ಟು ಚೆನ್ನಾಗಿ ಹೇಳಲಾರದು.

ರಾಣಿ ಮೇರಿ ಹೆರಿಗೆ ಆದ ಕೋಣೆ ಅದೇನಾ? ಅಷ್ಟು ಚಿಕ್ಕದಾ?

ಅದೇ. ಮಂಚ ಹಾಕಿದರೆ ನಾಲ್ಕು ಜನ ನಿಲ್ಲುವುದೂ ಕಷ್ಟ ಅನ್ನುವಷ್ಟು ಇಕ್ಕಟ್ಟು. 1566ರ ಜೂನ್ 19ರಂದು ಅಲ್ಲಿ ಹುಟ್ಟಿದ ಮಗು ಒಂದು ವರ್ಷ ತುಂಬಿದ ಸ್ವಲ್ಪ ದಿನಕ್ಕೇ ಸ್ಕಾಟ್ಲೆಂಡಿನ ಆರನೇ ಜೇಮ್ಸ್ ಆಯಿತು. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೂ ಅವನಿಗೇ ಬಂತು. ಈಗ ಕಾಣುವ ಬಣ್ಣದ ಅಲಂಕಾರ ಹೆರಿಗೆಯ ಕಾಲದ್ದಲ್ಲ. 1617ರಲ್ಲಿ ಜೇಮ್ಸ್ ಊರಿಗೆ ಬಂದಾಗ ಮಾಡಿಸಿದ್ದು.

ಕಿರೀಟ ನೂರು ವರ್ಷ ಕಳೆದುಹೋಗಿತ್ತಂತೆ?

ಕಳೆದಿರಲಿಲ್ಲ, ಪೆಟ್ಟಿಗೆಯಲ್ಲಿತ್ತು. 1707ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಇಂಗ್ಲೆಂಡಿನದರ ಜತೆ ಸೇರಿಹೋದ ಮೇಲೆ ಕಿರೀಟ, ರಾಜದಂಡ, ಖಡ್ಗ ಮೂರನ್ನೂ ಪೆಟ್ಟಿಗೆಗೆ ಹಾಕಿ ಕೋಣೆ ಮುಚ್ಚಿಬಿಟ್ಟರು. ಇದೆಯೋ ಇಲ್ಲವೋ ಅನ್ನುವಷ್ಟು ಜನ ಮರೆತರು. 1818ರ ಫೆಬ್ರವರಿ 4ರಂದು ಲೇಖಕ ವಾಲ್ಟರ್ ಸ್ಕಾಟ್ ಮತ್ತು ಜತೆಗಾರರು ಪೆಟ್ಟಿಗೆ ಒಡೆಸಿದಾಗ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಸಿಕ್ಕವು.

ಅದಕ್ಕೂ ಮೊದಲು, 1650ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್‌ನ ಸೈನ್ಯ ಎಡಿನ್‌ಬರೋ ಕೋಟೆ ಹಿಡಿಯಿತು. ಈ ಒಡವೆಗಳು ದೂರದ ಕಡಲಂಚಿನ ಡನಾಟರ್ ಕೋಟೆ ಸೇರಿದವು. ಅಲ್ಲಿಗೂ ಮುತ್ತಿಗೆ ಬಂದಾಗ ಕದ್ದು ಹೊರಗೆ ಸಾಗಿಸಿ ಕಿನೆಫ್ ಹಳ್ಳಿಯ ಚರ್ಚಿನ ನೆಲದಡಿ ಹೂತಿಟ್ಟರು. ಎರಡನೇ ಮಹಾಯುದ್ಧದಲ್ಲಿ ಇದೇ ಕೋಟೆಯ ಡೇವಿಡ್ ಗೋಪುರದ ಬುಡದಲ್ಲಿ ಬಚ್ಚಿಟ್ಟಿದ್ದರು. ಈಗಲೂ ಅವು ಬಳಕೆಯಲ್ಲಿವೆ: 2022ರಲ್ಲಿ ಎರಡನೇ ಎಲಿಜಬೆತ್ ತೀರಿಕೊಂಡಾಗ ಎಡಿನ್‌ಬರೋದಲ್ಲಿ ಶವಪೆಟ್ಟಿಗೆಯ ಮೇಲೆ ಇಟ್ಟದ್ದು ಇದೇ ಕಿರೀಟ.

ಕೈದಿಗಳನ್ನೂ ಇಟ್ಟಿದ್ರಾ?

1757ರಿಂದ 1814ರ ನಡುವೆ ಬೇರೆ ಬೇರೆ ಯುದ್ಧಗಳ ಸೆರೆಯಾಳುಗಳನ್ನು ಗ್ರೇಟ್ ಹಾಲ್‌ನ ಕೆಳಗಿನ ನೆಲಮಾಳಿಗೆಗಳಲ್ಲಿ ತುಂಬಿದ್ದರು. ಫ್ರೆಂಚರು, ಅಮೆರಿಕನ್ನರು, ಇನ್ನೂ ಎಷ್ಟೋ ದೇಶದವರು. ಹೊತ್ತು ಹೋಗಲು, ನಾಲ್ಕು ಕಾಸು ಸಿಗಲು ಮೂಳೆ, ಮರ, ಹುಲ್ಲಿನಲ್ಲಿ ಪುಟ್ಟ ಪೆಟ್ಟಿಗೆಗಳನ್ನು ಮಾಡಿ ಊರವರಿಗೆ ಮಾರುತ್ತಿದ್ದರು. ಕೆಲವರು ಖೋಟಾ ನೋಟೂ ಮಾಡಿದರು. ಹಳೆಯ ಮರದ ಬಾಗಿಲುಗಳ ಮೇಲೆ ಅವರು ಚಾಕುವಿನಿಂದ ಕೊರೆದ ಹೆಸರು, ಹಡಗು, ಅಮೆರಿಕದ ಬಾವುಟ ಇವತ್ತೂ ಇವೆ. 1811ರಲ್ಲಿ 49 ಜನ ದಕ್ಷಿಣದ ಗೋಡೆಗೆ ಕನ್ನ ಹಾಕಿ ಇಳಿದು ಓಡಿದರು. ಜೈಲಿಗೆ ಈ ಜಾಗ ಸರಿಯಲ್ಲ ಅಂತ ಅಧಿಕಾರಿಗಳಿಗೆ ಮನವರಿಕೆಯಾದದ್ದು ಆಗ.

## ಇವತ್ತಿನ ಬಳಕೆ

ಈಗ ಕೋಟೆ ಯಾರದ್ದು? ಸೈನ್ಯ ಇನ್ನೂ ಇದೆಯಾ?

ಕೋಟೆ ಸ್ಕಾಟ್ಲೆಂಡ್ ಸರ್ಕಾರದ್ದು. ನೋಡಿಕೊಳ್ಳುವುದು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಅನ್ನುವ ಸಾರ್ವಜನಿಕ ಸಂಸ್ಥೆ. ಸೈನ್ಯದ ದಳ ಇಲ್ಲಿ ಬೀಡುಬಿಡುವುದು 1923ರಲ್ಲಿ ನಿಂತಿತು. ಆದರೆ ನಂಟು ಪೂರ್ತಿ ಕಡಿದಿಲ್ಲ. ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡ್‌ನ ಮುಖ್ಯ ಕಚೇರಿ ಇಲ್ಲೇ ಇದೆ, ರೆಜಿಮೆಂಟುಗಳ ಸಂಗ್ರಹಾಲಯಗಳೂ ಇವೆ. ಕೆಲವು ಬಾಗಿಲುಗಳ ಮುಂದೆ ನಿಮ್ಮನ್ನು ತಡೆಯುವುದು ಅದಕ್ಕೇ.

2017ರಲ್ಲಿ ಮೊದಲ ಸಲ ವರ್ಷಕ್ಕೆ 20 ಲಕ್ಷಕ್ಕಿಂತ ಜಾಸ್ತಿ ಜನ ಬಂದರು. ಟಿಕೆಟ್ ದುಬಾರಿ ಅಂತ ಎಲ್ಲರೂ ಗೊಣಗುತ್ತಾರೆ. ಆದರೆ ಈ ಸಂಸ್ಥೆಯ ಕೈಯಲ್ಲಿ 300ಕ್ಕೂ ಹೆಚ್ಚು ಸ್ಮಾರಕಗಳಿವೆ, ಬಹಳಷ್ಟಕ್ಕೆ ಟಿಕೆಟ್ಟೇ ಇಲ್ಲ. ದೂರದ ದ್ವೀಪದಲ್ಲಿರುವ ಹಾಳು ಗೋಡೆಗೆ ಗಾರೆ ಹಾಕುವ ಖರ್ಚಿನಲ್ಲಿ ಈ ಕೋಟೆಯ ಗಳಿಕೆಯೂ ಸೇರಿದೆ. ನನಗೆ ಅದು ಸರಿಯಾದ ವ್ಯವಸ್ಥೆ ಅನ್ನಿಸುತ್ತದೆ.

ಆಗಸ್ಟ್‌ನಲ್ಲಿ ನಡೆಯೋ ಮಿಲಿಟರಿ ಟ್ಯಾಟೂ ನೋಡಲೇಬೇಕಾ?

ಟ್ಯಾಟೂ ಅಂದರೆ ಇಲ್ಲಿ ಸೈನ್ಯದ ಬ್ಯಾಂಡ್‌ಗಳ ಪ್ರದರ್ಶನ. ಬ್ಯಾಗ್‌ಪೈಪ್, ಡ್ರಮ್ಸ್ ಇಷ್ಟವಿದ್ದರೆ ಖಂಡಿತ. 1950ರಿಂದ ಕೋಟೆಯ ಮುಂದಿನ ಬಯಲಿನಲ್ಲಿ ನಡೆಯುತ್ತಿದೆ. ಸುಮಾರು 8,800 ಜನ ಕೂರುವಷ್ಟು ಆಸನಗಳನ್ನು ಪ್ರತಿ ವರ್ಷ ಕಟ್ಟಿ ಬಿಚ್ಚುತ್ತಾರೆ. ಬೇರೆ ದೇಶದ ಬ್ಯಾಂಡ್‌ಗಳೂ ಬರುತ್ತವೆ. ಮಳೆ ಬಂದರೂ ಪ್ರದರ್ಶನ ನಿಲ್ಲುವುದಿಲ್ಲ, ಮೇಲೆ ಮಾಡು ಇಲ್ಲ. ಕೋಟೆಯ ಎದುರುನೋಟ ಬೇಕು ಅನ್ನುವವರು ಮಾತ್ರ ಬೇರೆ ತಿಂಗಳಲ್ಲಿ ಬನ್ನಿ. ಆಸನಗಳ ಕಬ್ಬಿಣದ ಚೌಕಟ್ಟು ಬೇಸಿಗೆ ಪೂರ್ತಿ ಅಡ್ಡ ನಿಂತಿರುತ್ತದೆ.

ಆ ಪುಟ್ಟ ಚಾಪೆಲ್‌ನಲ್ಲಿ ಮದುವೆ ಮಾಡ್ಕೋಬಹುದಾ?

ಮಾಡಿಕೊಳ್ಳಬಹುದು, ಇಪ್ಪತ್ತು ಇಪ್ಪತ್ತೈದು ಜನಕ್ಕೆ ಮಾತ್ರ ಜಾಗ. ನಮ್ಮ ಕಡೆಯ ಮದುವೆಗೆ ಅಡುಗೆಯವರೇ ಅಷ್ಟು ಜನ ಇರುತ್ತಾರೆ, ಅಲ್ವಾ? ಹೊರಗಿನಿಂದ ಸಾದಾ ಕಲ್ಲಿನ ಪೆಟ್ಟಿಗೆ. ಒಳಗೆ ಹೋದರೆ ಬಲಿಪೀಠದ ಮುಂದೆ ಅಂಕುಡೊಂಕು ಗೆರೆ ಕೆತ್ತಿದ ಕಮಾನು, ಅದರ ಹಿಂದೆ ದುಂಡನೆಯ ಪುಟ್ಟ ಗರ್ಭಗುಡಿ. 16ನೇ ಶತಮಾನದಿಂದ ಸಿಡಿಮದ್ದಿನ ಕೋಣೆಯಾಗಿತ್ತು. ಇದು ಚಾಪೆಲ್ ಅಂತ 1845ರಲ್ಲಿ ಮತ್ತೆ ಗುರುತಿಸಿದರು. 1942ರಿಂದ ಮಾರ್ಗರೆಟ್ ಅನ್ನುವ ಹೆಸರಿನ ಸ್ಕಾಟ್ಲೆಂಡಿನ ಹೆಂಗಸರು ಸರದಿಯಂತೆ ಇಲ್ಲಿ ಹೂವು ಇಡುತ್ತಾ ಬಂದಿದ್ದಾರೆ. ಒಳಗೆ ಹೋದಾಗ ಆ ಹೂದಾನಿ ನೋಡಿ, ಅದು ಕೋಟೆಯ ಆಡಳಿತದ ಅಲಂಕಾರವಲ್ಲ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ನಾವು ನೋಡೋದೆಲ್ಲ ಹಳೇದೇನಾ, ಇಲ್ಲಾ ಆಮೇಲೆ ಕಟ್ಟಿದ್ದಾ?

ಗ್ರೇಟ್ ಹಾಲ್ ತೆಗೆದುಕೊಳ್ಳಿ. ಮೇಲಿನ ಮರದ ಮಾಡು ನಾಲ್ಕನೇ ಜೇಮ್ಸ್ ಕಾಲದ್ದು, 1510ರ ಆಸುಪಾಸು. ಕೆಳಗಿನ ಮರದ ಹೊದಿಕೆ, ಒಲೆ, ಗಾಜು ಎಲ್ಲ 1880ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಹಿಪ್ಪೊಲೈಟ್ ಬ್ಲಾಂಕ್ ಮಾಡಿಸಿದ್ದು. ಕ್ರಾಮ್‌ವೆಲ್ ಕಾಲದಿಂದ ಈ ಹಾಲ್ ಬ್ಯಾರಕ್ ಆಗಿತ್ತು, ಮಹಡಿಗಳನ್ನು ಹಾಕಿ ಸೈನಿಕರನ್ನು ಮಲಗಿಸುತ್ತಿದ್ದರು. ಹೆಬ್ಬಾಗಿಲು 1888ರದ್ದು, ಅದರ ಎರಡೂ ಪಕ್ಕದ ಬ್ರೂಸ್, ವಾಲೆಸ್ ಪ್ರತಿಮೆಗಳು 1929ರವು.

ಇದನ್ನು ಕೇಳಿ ಬೇಸರ ಮಾಡಿಕೊಳ್ಳುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಹಾಲ್‌ನ ಮಾಡು ಉಳಿದದ್ದು ಅದರ ಕೆಳಗೆ ಸೈನಿಕರು ಮಲಗುತ್ತಿದ್ದರು ಅಂತ. ಚಾಪೆಲ್ ಉಳಿದದ್ದು ಮದ್ದು ತುಂಬಲು ಬೇಕಿತ್ತು ಅಂತ. ಬಳಸದೆ ಬಿಟ್ಟಿದ್ದರೆ ಎರಡೂ ಎಂದೋ ಬಿದ್ದುಹೋಗುತ್ತಿದ್ದವು.

ಯುದ್ಧ ಸ್ಮಾರಕದಲ್ಲಿ ಏನು ನೋಡಬೇಕು?

1927ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕ ರಾಬರ್ಟ್ ಲೋರಿಮರ್ ವಿನ್ಯಾಸ. ಹಳೆಯ ಬ್ಯಾರಕ್ ಒಂದನ್ನು ಬದಲಿಸಿ ಮಾಡಿದ್ದು. ಮಡಿದವರ ಹೆಸರಿನ ದಪ್ಪ ಪುಸ್ತಕಗಳು ಅಲ್ಲಿವೆ. ನರ್ಸ್‌ಗಳು, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದ ಹೆಂಗಸರು, ಕುದುರೆ, ಹೇಸರಗತ್ತೆ ಎಲ್ಲರಿಗೂ ಜಾಗ ಇದೆ. ಒಂದು ಕಡೆ ಇಲಿ ಮತ್ತು ಕೆನರಿ ಹಕ್ಕಿಗಳ ಕೆತ್ತನೆ ಇದೆ. ಸುರಂಗದಲ್ಲಿ ವಿಷಗಾಳಿ ಬಂದರೆ ಮೊದಲು ಗೊತ್ತಾಗುತ್ತಿದ್ದದ್ದು ಅವಕ್ಕೇ. ಒಳಗೆ ಫೋಟೋ ತೆಗೆಯಬಾರದು.

ಪಟ್ಟಾಭಿಷೇಕದ ಕಲ್ಲು ಇಲ್ಲೇ ಇದೆಯಲ್ಲ?

ಈಗಿಲ್ಲ. ಸ್ಕಾಟ್ಲೆಂಡಿನ ರಾಜರ ಪಟ್ಟಾಭಿಷೇಕಕ್ಕೆ ಬಳಸುತ್ತಿದ್ದ, 1296ರಲ್ಲಿ ಒಂದನೇ ಎಡ್ವರ್ಡ್ ಲಂಡನ್ನಿಗೆ ಒಯ್ದಿದ್ದ ಈ ಕಲ್ಲು 1996ರ ನವೆಂಬರ್ 30ರಂದು ಕೋಟೆಗೆ ಬಂತು. 2023ರಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೋಗಿ ಬಂತು. 2024ರಿಂದ ಪರ್ತ್ ಊರಿನ ಮ್ಯೂಸಿಯಂನಲ್ಲಿದೆ. ಹಳೆಯ ಪ್ರವಾಸಿ ಪುಸ್ತಕ ನಂಬಿ ಹುಡುಕಬೇಡಿ.

ಕರ್ನಾಟಕಕ್ಕೂ ಈ ಊರಿಗೂ ಏನಾದ್ರೂ ನಂಟು ಇದೆಯಾ?

ಇದೆ, ಸೈನಿಕರ ಮೂಲಕ. 1778ರಲ್ಲಿ ಹೈಲ್ಯಾಂಡ್ ಬೆಟ್ಟಗಳಿಂದ ಸೀಫೋರ್ತ್ ರೆಜಿಮೆಂಟಿಗೆ ಸೇರಿದ ಹುಡುಗರು ಎಡಿನ್‌ಬರೋಗೆ ಬಂದಾಗ ಒಂದು ಸುದ್ದಿ ಹಬ್ಬಿತು: ನಿಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿದ್ದಾರೆ ಅಂತ. ಸಂಬಳವೂ ಬಾಕಿ ಇತ್ತು. ಅವರು ಆರ್ಥರ್ಸ್ ಸೀಟ್ ಗುಡ್ಡ ಹತ್ತಿ ಕೂತರು. ಊರ ಜನ ಊಟ ಹೊತ್ತು ಕೊಟ್ಟರು. ಇಂಡಿಯಾಗೆ ಕಳಿಸುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಇಳಿದು ಬಂದರು. 1781ರಲ್ಲಿ ಕಳಿಸಿಯೇಬಿಟ್ಟರು. ಹಡಗಿನಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮುಂದೆ 72ನೇ ರೆಜಿಮೆಂಟ್ ಅನ್ನಿಸಿಕೊಂಡ ಆ ಪಡೆ 1791ರಲ್ಲಿ ಬೆಂಗಳೂರಿನ, ಮಾಗಡಿ ಹತ್ತಿರದ ಸಾವನದುರ್ಗದ ಮುತ್ತಿಗೆಗಳಲ್ಲಿ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಎದುರು ನಿಂತಿತು.

ಇನ್ನೊಬ್ಬ ಡೇವಿಡ್ ಬೇರ್ಡ್. ಎಡಿನ್‌ಬರೋ ಪಕ್ಕದ ಈಸ್ಟ್ ಲೋಥಿಯನ್‌ನವನು. 1780ರಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿ 1784ರ ತನಕ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿದ್ದ. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಇವನೇ. ಟಿಪ್ಪುವಿನ ದೇಹ ಇವನಿಗೆ ಸಿಕ್ಕ ಗಳಿಗೆಯನ್ನು ಡೇವಿಡ್ ವಿಲ್ಕಿ 1839ರಲ್ಲಿ ಆಳೆತ್ತರ ಮೀರಿದ ಚಿತ್ರವಾಗಿ ಬರೆದ. ಬೇರ್ಡ್‌ನ ವಿಧವೆ ಬರೆಸಿದ್ದು. ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳ ಸಂಗ್ರಹದಲ್ಲಿದೆ. ಗೆದ್ದವರ ಕಣ್ಣಿನ ಚಿತ್ರ ಅದು ಅನ್ನುವುದನ್ನು ನೆನಪಿಟ್ಟುಕೊಂಡು ನೋಡಬೇಕು.

ಆ ಹುಡುಗರು ಹತ್ತಿ ಕೂತಿದ್ದ ಆರ್ಥರ್ಸ್ ಸೀಟ್ ಕೋಟೆಯ ಪೂರ್ವದ ಗೋಡೆಯಿಂದ ಚೆನ್ನಾಗಿ ಕಾಣುತ್ತದೆ. 251 ಮೀಟರ್ ಎತ್ತರ, ಹತ್ತಲು ಟಿಕೆಟ್ ಇಲ್ಲ. ಕೋಟೆಯಿಂದ ರಾಯಲ್ ಮೈಲ್ ಇಳಿದು ಹಾಲಿರೂಡ್ ಅರಮನೆ ದಾಟಿದರೆ ದಾರಿ ಅಲ್ಲೇ ಶುರು.